ಬೇಸಿಗೆ ಸಂತೆಗೆ ಮಕ್ಕಳನ್ನು ಕರ್ಕೊಂಡು ಹೋಗಬಹುದಾ? ಕಲ್ಲಂಗಡಿ ಇಂಜೆಕ್ಷನ್ ನಿಜವಾ?

ಪ್ರಶ್ನೆ: ಮಕ್ಕಳಿಗೆ ರಜೆ. ಶಿವಮೊಗ್ಗದಲ್ಲಿ ಸಂತೆಗೆ, ಮಾರ್ಕೆಟ್ಟಿಗೆ ಕರ್ಕೊಂಡು ಹೋಗೋಣ ಅಂದರೆ ಮನೆಯವರು ಬೇಡ ಅಂತಾರೆ. ಬಿಸಿಲು ಒಂದು ಕಡೆ. ಕಲ್ಲಂಗಡಿಗೆಲ್ಲ ಕೆಂಪು ಬಣ್ಣದ ಇಂಜೆಕ್ಷನ್ ಕೊಡ್ತಾರಂತೆ ಅನ್ನೋ ಹೆದರಿಕೆ ಇನ್ನೊಂದು ಕಡೆ. ಏನು ಮಾಡೋದು?

ಉತ್ತರ: ಕರ್ಕೊಂಡು ಹೋಗಿ. ಪ್ರತಿ ಏಪ್ರಿಲ್‌ನಲ್ಲೂ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ.

ಬಿಸಿಲಿನ ಮಾತು ಮೊದಲು ಮುಗಿಸುತ್ತೇನೆ. ಬೆಳಿಗ್ಗೆ ಏಳೂವರೆಗೆ ಹೊರಡಿ, ಹತ್ತರೊಳಗೆ ಮನೆ ಸೇರಿ. ಸಂಜೆಯಾದರೆ ನಾಲ್ಕೂವರೆ ಆದ ಮೇಲೆ. ಆದರೆ ಏಪ್ರಿಲ್ ಕೊನೆಗೆ ಗುಡುಗು ಮಳೆ ಬರುವುದೂ ಅದೇ ಹೊತ್ತಿಗೆ, ಛತ್ರಿ ಮರೆಯಬೇಡಿ. ಮಗು ಬಾಯಾರಿಕೆ ಅನ್ನುವವರೆಗೆ ಕಾಯಬೇಡಿ, ಹೊರಡುವ ಮೊದಲೇ ಒಂದು ಲೋಟ ಮಜ್ಜಿಗೆ ಕುಡಿಸಿ. ಗಾಂಧಿ ಬಜಾರಿಗಾದರೆ ಗಾಡಿ ದೂರ ನಿಲ್ಲಿಸಿ, ಶಿವಪ್ಪ ನಾಯಕನ ಪ್ರತಿಮೆ ಇರುವ ಸರ್ಕಲ್ಲಿನಿಂದ ನಡೆದೇ ಒಳಗೆ ಹೋಗಿ. ಇಷ್ಟು ಸಾಕು.

ಈಗ ಆ ಇಂಜೆಕ್ಷನ್. ಯಾರದೋ ಮೊಬೈಲಿಗೆ ಒಂದು ವಿಡಿಯೋ ಬರುತ್ತದೆ, ಅವರು ಹತ್ತು ಜನಕ್ಕೆ ಕಳಿಸುತ್ತಾರೆ, ರಸ್ತೆ ಬದಿ ಹಣ್ಣು ರಾಶಿ ಹಾಕಿ ಕೂತವರ ವ್ಯಾಪಾರ ಬಿದ್ದು ಹೋಗುತ್ತದೆ. ದಯವಿಟ್ಟು ಸ್ವಲ್ಪ ಯೋಚನೆ ಮಾಡಿ. ಕಲ್ಲಂಗಡಿ ಬಯಲುಸೀಮೆ ಕಡೆಯಿಂದ ಲಾರಿಗಟ್ಟಲೆ ಬಂದು ಬೀಳುತ್ತದೆ. ಒಂದೊಂದು ಹಣ್ಣಿಗೂ ಸೂಜಿ ಚುಚ್ಚುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ? ಆ ಕೂಲಿ ಕೊಡುವವರು ಯಾರು?

ಲೆಕ್ಕ ಬಿಡಿ, ಹಣ್ಣನ್ನೇ ನೋಡೋಣ. ಅದರ ಕೆಂಪು ಲೈಕೋಪೀನ್ ಅನ್ನುವ ಬಣ್ಣದ್ದು. ಟೊಮೆಟೊ ಕೆಂಪಗಿರುವುದೂ ಅದರಿಂದಲೇ. ಹಣ್ಣಿನಲ್ಲಿ ತೊಂಬತ್ತು ಭಾಗ ನೀರು ನಿಜ, ಆದರೆ ಅದು ಬಾಟಲಿಯಲ್ಲಿ ತುಂಬಿದ ನೀರಿನ ಹಾಗೆ ಇರುವುದಿಲ್ಲ. ಲಕ್ಷಾಂತರ ಪುಟ್ಟ ಕೋಶಗಳಲ್ಲಿ ಬೇರೆ ಬೇರೆಯಾಗಿ ಮುಚ್ಚಿಕೊಂಡಿರುತ್ತದೆ. ಒಂದು ಕಡೆ ಬಣ್ಣ ಬಿಟ್ಟರೆ ಹಣ್ಣಿಡೀ ಹರಡುವುದಿಲ್ಲ.

ಬಾಯಿಮಾತಿಗೆ ಹೇಳುತ್ತಿಲ್ಲ. ನಾನು ವಿಜ್ಞಾನದ ಮೇಷ್ಟ್ರು. ಒಂದು ರಜೆಯಲ್ಲಿ ಕೇರಿಯ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಇದನ್ನೇ ಮಾಡಿ ನೋಡಿದೆ. ಕೆಂಪಿನಲ್ಲಿ ಕೆಂಪು ಗೊತ್ತಾಗಲ್ಲ ಅಂತ ನೀಲಿ ಶಾಯಿ ತಗೊಂಡೆವು. ಸಿರಿಂಜು ಒತ್ತಲಿಕ್ಕೇ ಕಷ್ಟ. ಒಳಗೆ ಹೋದದ್ದರಲ್ಲಿ ಅರ್ಧ ಅದೇ ತೂತಿನಿಂದ ವಾಪಸ್ ಬಂದು ಸಿಪ್ಪೆಯ ಮೇಲೆ ಇಳಿಯಿತು. ಒಂದು ಗಂಟೆ ಬಿಟ್ಟು ಕೊಯ್ದರೆ ಸೂಜಿ ಹೋದ ಜಾಗದಲ್ಲಿ ಹೆಬ್ಬೆರಳಿನಷ್ಟು ನೀಲಿ ಕಲೆ. ಉಳಿದದ್ದೆಲ್ಲ ಎಂದಿನ ಹಾಗೆ ಕೆಂಪು. ಇನ್ನೊಂದು ಹಣ್ಣಿಗೆ ಬರೀ ನೀರು ಚುಚ್ಚಿ ಮೂಲೆಯಲ್ಲಿಟ್ಟೆವು. ಮೂರನೇ ದಿನ ತೂತಿನ ಸುತ್ತ ಮೆತ್ತಗಾಗಿ ನೊರೆ ಬಂತು, ಹುಳಿ ವಾಸನೆ. ಮೂಗು ಮುಚ್ಚಿಕೊಂಡು ಓಡಿದ ಆ ಮಕ್ಕಳು ಇವತ್ತಿಗೂ ಈ ಸುಳ್ಳನ್ನು ನಂಬಲ್ಲ. ಅದು ನನಗೆ ಹೆಮ್ಮೆ. ಚುಚ್ಚಿದ ಹಣ್ಣು ಬೇಸಿಗೆಯಲ್ಲಿ ಅಂಗಡಿಯಲ್ಲೇ ಕೊಳೆಯುತ್ತದೆ. ಹೀಗಿರುವಾಗ ಯಾವ ವ್ಯಾಪಾರಿ ತನ್ನ ಮಾಲನ್ನು ತಾನೇ ಕೆಡಿಸಿಕೊಳ್ಳುತ್ತಾನೆ?

"ಒಳಗೆ ಬಿಳಿ ನಾರು ಇತ್ತು ಸಾರ್, ಮಧ್ಯ ಸೀಳಿತ್ತು" ಅಂತ ಫೋಟೋ ಕಳಿಸುತ್ತಾರೆ. ಬಿಳಿ ನಾರು ಹಣ್ಣಿಗೆ ನೀರು, ಆಹಾರ ಸಾಗಿಸುವ ನಾಳ. ಬೆಳೆಯುವಾಗ ಒಳಭಾಗ ಒಂದೇ ಸಮ ಬೆಳೆಯದಿದ್ದರೆ ಮಧ್ಯ ಸೀಳುತ್ತದೆ. ಎರಡಕ್ಕೂ ಸೂಜಿಗೂ ಸಂಬಂಧವಿಲ್ಲ.

ಹೆದರಬೇಕಾದದ್ದು ಕೊಯ್ದಿಟ್ಟ ಹಣ್ಣಿನ ಹೋಳುಗಳಿಗೆ. ತಟ್ಟೆಯಲ್ಲಿ ಜೋಡಿಸಿ, ಧೂಳು ನೊಣಕ್ಕೆ ಬಿಟ್ಟು, ಎಲ್ಲಿಯದೋ ಐಸಿನ ಮೇಲಿಟ್ಟದ್ದನ್ನು ಮಕ್ಕಳಿಗೆ ಕೊಡಿಸಬೇಡಿ. ವಾಂತಿ ಭೇದಿ ಆಗುವುದು ಅದರಿಂದ, ಆಮೇಲೆ ಬೈಗುಳ ಮಾತ್ರ ಇಂಜೆಕ್ಷನ್ನಿಗೆ. ಇಡೀ ಹಣ್ಣು ತನ್ನಿ. ಗಾತ್ರಕ್ಕಿಂತ ಭಾರ ಇರಬೇಕು, ನೆಲಕ್ಕೆ ತಾಗಿದ ಮಚ್ಚೆ ಬೆಣ್ಣೆ ಹಳದಿ ಇರಬೇಕು. ಮಚ್ಚೆ ಬಿಳಿ ಇದ್ದರೆ ಬೇಗ ಕಿತ್ತದ್ದು. ಸಿಪ್ಪೆ ತೊಳೆದು ಆಮೇಲೆ ಕೊಯ್ಯಿರಿ. ರಾಶಿಯಲ್ಲಿ ಅಂಥ ಹಣ್ಣು ಹುಡುಕುವ ಕೆಲಸ ಮಗುವಿಗೇ ಬಿಡಿ.

ಮಾವಿನ ಹಣ್ಣಿನ ವಿಷಯ ಬೇರೆ. ಅಲ್ಲಿ ದೂರು ಪೂರ್ತಿ ಸುಳ್ಳಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಅನ್ನುವ ರಾಸಾಯನಿಕ ಹಾಕಿ ಕಾಯನ್ನು ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಅದರ ಬದಲು ಹಣ್ಣು ಮಾಡಲು ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗದವರೆಗೆ, ಅನುಮತಿ ಇದೆ. ಸೀಸನ್ ಶುರುವಾಗುವ ಮೊದಲೇ ಒಂದೇ ಸಮ ಹಳದಿಯಾಗಿ, ಒಂಚೂರೂ ಪರಿಮಳವಿಲ್ಲದೆ ರಾಶಿ ಬಿದ್ದ ಹಣ್ಣನ್ನು ನಾನು ಮುಟ್ಟುವುದಿಲ್ಲ.

ಮಾವು ಅಂದ ಮೇಲೆ ಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯ ಮಾತು ಬಿಟ್ಟರೆ ಆಗುತ್ತಾ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮಕ್ಕಳಿಗೆ ತೋರಿಸಲೇಬೇಕಾದದ್ದು ಅಪ್ಪೆಮಿಡಿ ಬುಟ್ಟಿ. ನಮ್ಮ ಹೊಳೆದಂಡೆಗಳಲ್ಲಿ ತಾನಾಗಿ ಬೆಳೆದ ಮರಗಳದ್ದು, ಈ ಸೀಮೆಯದೇ ಅಂತ ಭೌಗೋಳಿಕ ಗುರುತು (ಜಿಐ) ಪಡೆದದ್ದು. ರಜೆ ಶುರುವಾಗುವಾಗ ಅದರ ಕಾಲ ಮುಗಿಯುತ್ತಾ ಬಂದಿರುತ್ತದೆ, ಮೊದಲ ವಾರದಲ್ಲೇ ಹೋಗಿ. ಮಿಡಿಗೆ ತೊಟ್ಟು ಇರಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ, ಭರಣಿಯಲ್ಲಿ ಮೆತ್ತಗಾಗುತ್ತದೆ. ಮಾರುವವರನ್ನು ಕೇಳಿ ಒಂದರ ತೊಟ್ಟು ಮುರಿಯಿರಿ. ಸೊನೆ ಚಿಮ್ಮುತ್ತದೆ. ಒಂದರಲ್ಲಿ ಜೀರಿಗೆ ಪರಿಮಳ, ಇನ್ನೊಂದರಲ್ಲಿ ಕರ್ಪೂರದ್ದು. ಮಗುವಿನ ಮೂಗಿಗೆ ಹಿಡಿಯಿರಿ, ಕೆನ್ನೆಗೆ ತಾಗಿಸಬೇಡಿ. ಸೊನೆ ಚರ್ಮ ಸುಡುತ್ತದೆ. ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಮಿಡಿ ಮಾರುವುದು ತೂಕಕ್ಕಲ್ಲ, ಲೆಕ್ಕಕ್ಕೆ. ನೂರಕ್ಕೆ ಇಷ್ಟು ಅಂತ. ಎಣಿಸುವ ಕೆಲಸ ಮಗುವಿಗೆ ಕೊಡಿ. ನೂರು ತುಂಬಿದ ಮೇಲೆ "ಅಜ್ಜಿ, ಕೊಸರು?" ಅಂತ ಕೈ ಚಾಚಲು ಹೇಳಿಕೊಡಿ. ದೊಡ್ಡವರಿಗೆ ಎರಡು ಹಾಕುವ ಅಜ್ಜಿ ಮಕ್ಕಳ ಕೈಗೆ ಐದು ಹಾಕುತ್ತಾಳೆ.