ಪದ ಪರಿಚಯ: ಫ್ರಾಸ್ಟ್ ರಿಸ್ಕ್ ಮಾಡೆಲ್

ವಸಂತದಲ್ಲಿ ಒಂದು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ದ್ರಾಕ್ಷಿಯ ಎಳೆ ಚಿಗುರಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ಬಿಸಿಲೇರುವ ಹೊತ್ತಿಗೆ ಚಿಗುರು ಕಂದಾಗಿ ಜೋತುಬಿದ್ದಿರುತ್ತದೆ. ಇದೇ ಫ್ರಾಸ್ಟ್ ಹೊಡೆತ. ಒಂದು ತೋಟಕ್ಕೆ ಇಂಥ ಹೊಡೆತ ಬೀಳುವ ಸಾಧ್ಯತೆ ಎಷ್ಟು ಅಂತ ಹಳೆಯ ದಾಖಲೆಗಳಿಂದಲೂ ಆಯಾ ದಿನದ ಹವಾಮಾನದಿಂದಲೂ ಲೆಕ್ಕ ಹಾಕುವ ವಿಧಾನಕ್ಕೆ ಫ್ರಾಸ್ಟ್ ರಿಸ್ಕ್ ಮಾಡೆಲ್ ಅಂತಾರೆ.

ಎಷ್ಟು ಚಳಿ ಬೀಳುತ್ತದೆ ಅಂತ ನೋಡಿದರೆ ಸಾಕಲ್ವಾ? ಸಾಲದು. ಚಳಿಗಾಲದಲ್ಲಿ ಮುಚ್ಚಿಕೊಂಡಿರುವ ಬಳ್ಳಿಯ ಕಣ್ಣು (ಚಿಗುರು ಹೊರಡುವ ಮೊಗ್ಗು) ಸಾಮಾನ್ಯವಾಗಿ ಮೈನಸ್ 10 ಡಿಗ್ರಿಯನ್ನೂ ತಡೆದುಕೊಳ್ಳುತ್ತದೆ. ಅದೇ ಕಣ್ಣು ಒಡೆದು ಎಲೆ ಬಿಚ್ಚಿದ ಮೇಲೆ ಮೈನಸ್ 2ರ ಆಸುಪಾಸಿನಲ್ಲೇ ಸುಟ್ಟುಹೋಗುತ್ತದೆ. ಹಾಗಾಗಿ ಮಾಡೆಲ್ ಎರಡು ತಾರೀಕುಗಳನ್ನು ಊಹಿಸಬೇಕು: ಕಣ್ಣು ಒಡೆಯುವುದು ಯಾವಾಗ, ಕೊನೆಯ ಕಡುಚಳಿ ಬೀಳುವುದು ಯಾವಾಗ. ಮೊದಲನೆಯದು ಎರಡನೆಯದಕ್ಕಿಂತ ಮುಂಚೆ ಬಂದರೆ ಅಪಾಯ.

ಕಣ್ಣು ಒಡೆಯುವುದನ್ನು ಅಂದಾಜು ಮಾಡಲು ಬಿಸಿಯನ್ನು ಕೂಡಿಸುತ್ತಾ ಹೋಗುತ್ತಾರೆ. ದಿನದ ಸರಾಸರಿ 14 ಡಿಗ್ರಿ ಇದ್ದರೆ, 10ನ್ನು ಕಳೆದು 4 ಅಂಕ. 10ಕ್ಕಿಂತ ಕಡಿಮೆ ಇದ್ದರೆ ಸೊನ್ನೆ. ಅಂಕಗಳು ಒಂದು ಮಟ್ಟ ಮುಟ್ಟಿದಾಗ ಕಣ್ಣು ಒಡೆಯುತ್ತದೆ ಅಂತ ಲೆಕ್ಕ. ಆ ಮಟ್ಟ ತಳಿಯಿಂದ ತಳಿಗೆ ಬೇರೆ. ಶಾರ್ಡೊನೆ ಅನ್ನುವ ವೈನ್ ದ್ರಾಕ್ಷಿ ಬೇಗ ಚಿಗುರುತ್ತದೆ, ಅದಕ್ಕೇ ಫ್ರಾಸ್ಟ್‌ಗೆ ಜಾಸ್ತಿ ಸಿಕ್ಕಿಬೀಳುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಭೂಮಿ ಬಿಸಿಯಾದರೆ ಫ್ರಾಸ್ಟ್ ಕಾಟ ತಪ್ಪುತ್ತದೆ ಅನ್ನಿಸುತ್ತದೆ. 2021ರಲ್ಲಿ ಫ್ರಾನ್ಸ್‌ನಲ್ಲಿ ಆದದ್ದೇ ಬೇರೆ. ಮಾರ್ಚ್ ಕೊನೆಯ ಸೆಕೆಗೆ ಬಳ್ಳಿಗಳು ಬೇಗ ಚಿಗುರಿದವು, ಏಪ್ರಿಲ್ ಮೊದಲ ವಾರಗಳ ಚಳಿ ಅವನ್ನು ಸುಟ್ಟಿತು. ಆಮೇಲೆ ವಿಜ್ಞಾನಿಗಳು ಲೆಕ್ಕ ಹಾಕಿ ನೋಡಿದರು. ತಾಪಮಾನ ಏರಿಕೆ ಇಲ್ಲದಿದ್ದರೆ ಆ ರಾತ್ರಿಗಳು ಇನ್ನೂ ತಣ್ಣಗಿರುತ್ತಿದ್ದವು. ಆದರೂ ಚಿಗುರಿದ ಮೇಲೆ ಇಂಥ ಫ್ರಾಸ್ಟ್ ಬೀಳುವ ಸಾಧ್ಯತೆ, ಏರಿಕೆಯಿಂದಾಗಿ ಸುಮಾರು 60% ಹೆಚ್ಚಾಗಿದೆ ಅಂತ ಅವರ ಅಂದಾಜು. ಚಳಿ ಕಡಿಮೆಯಾದದ್ದಕ್ಕಿಂತ ಚಿಗುರು ಮುಂಚಿತವಾಗಿ ಬಂದದ್ದರ ಪರಿಣಾಮವೇ ಹೆಚ್ಚು. ಹಳೆಯ 50 ವರ್ಷದ ಸರಾಸರಿಯನ್ನೇ ನಂಬಿದ ಮಾಡೆಲ್ ಎಡವುವುದು ಇಲ್ಲೇ.

"ಹತ್ತು ವರ್ಷಕ್ಕೊಮ್ಮೆ ಬರುವ ಫ್ರಾಸ್ಟ್" ಅನ್ನುವ ಮಾತೂ ದಾರಿ ತಪ್ಪಿಸುತ್ತದೆ. ಒಮ್ಮೆ ಬಂದು ಹೋದರೆ ಇನ್ನು ಒಂಬತ್ತು ವರ್ಷ ನಿಶ್ಚಿಂತೆ ಅಂತಲ್ಲ. ಪ್ರತಿ ವರ್ಷವೂ 10% ಸಾಧ್ಯತೆ ಅಂತ ಅರ್ಥ. ಸತತ ಎರಡು ವರ್ಷ ಬರಬಹುದು, ಹತ್ತು ವರ್ಷ ಪೂರ್ತಿ ಬಾರದಿರುವ ಸಾಧ್ಯತೆಯೂ ಸುಮಾರು 35% ಇದೆ.

ಥರ್ಮಾಮೀಟರ್ ಎಲ್ಲಿದೆ ಅನ್ನುವುದೂ ಮುಖ್ಯ. ಹವಾಮಾನ ಕೇಂದ್ರಗಳಲ್ಲಿ ಅದು ಆಳೆತ್ತರದಲ್ಲಿ, ಪೆಟ್ಟಿಗೆಯೊಳಗೆ ಇರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಹತ್ತಿರದ ಗಾಳಿ ಅದಕ್ಕಿಂತ ಒಂದೆರಡು ಡಿಗ್ರಿ ತಣ್ಣಗಿರುತ್ತದೆ. ತಣ್ಣನೆ ಗಾಳಿ ಭಾರ, ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಕೇಂದ್ರ 1 ಡಿಗ್ರಿ ತೋರಿಸುವಾಗ ತಗ್ಗಿನ ಸಾಲುಗಳು ಆಗಲೇ ಹೆಪ್ಪುಗಟ್ಟಿರಬಹುದು. ಅದಕ್ಕೆ ಒಳ್ಳೆಯ ಮಾಡೆಲ್‌ಗಳು ತೋಟದೊಳಗಿನ ಸೆನ್ಸರ್‌ಗಳನ್ನೂ ಸಂಜೆಯ ತೇವಾಂಶ, ಮೋಡ, ಗಾಳಿಯನ್ನೂ ಸೇರಿಸಿಕೊಳ್ಳುತ್ತವೆ.

ಕೊನೆಗೆ ಮಾಡೆಲ್ ಕೊಡುವುದು ಒಂದು ಅಂಕಿ: ಇಂದು ರಾತ್ರಿ 20% ಅಪಾಯ. ಅದನ್ನಿಟ್ಟುಕೊಂಡು ಏನು ಮಾಡುವುದು? ಗಾಳಿಯನ್ನು ಬೆಚ್ಚಗಿಡಲು ಸಾಲುಗಳ ನಡುವೆ ಮೇಣದ ಡಬ್ಬಿ ಉರಿಸುವ ಖರ್ಚು, ಉಳಿಯುವ ಬೆಳೆಯ ಬೆಲೆಯ ಎಂಟನೇ ಒಂದು ಭಾಗ ಅಂದುಕೊಳ್ಳಿ. ಅಪಾಯ 12.5% ದಾಟಿದ ಮೇಲೆ ಉರಿಸುವುದೇ ಲಾಭ. ಖರ್ಚು ಮೂರನೇ ಒಂದು ಭಾಗವಾದರೆ, ಅದೇ 20%ಗೆ ಸುಮ್ನೆ ಮಲಗುವುದು ಲೇಸು. ಅಕ್ಕಪಕ್ಕದ ಇಬ್ಬರು ಬೆಳೆಗಾರರು ಒಂದೇ ಮುನ್ಸೂಚನೆ ನೋಡಿ ಬೇರೆ ಬೇರೆ ತೀರ್ಮಾನ ಮಾಡಿದರೂ ಇಬ್ಬರ ಲೆಕ್ಕವೂ ಸರಿಯಿರಬಹುದು.