ಕುತ್ತಿಗೆಯ ಕಪ್ಪು ಕೊಳೆಯಲ್ಲ

ರಾಯಚೂರಿನ ನನ್ನ ಕ್ಲಿನಿಕ್ಕಿಗೆ ಸಿಂಧನೂರು ಕಡೆಯಿಂದ ಬಂದಿದ್ದ ತಾಯಿ, ಕುರ್ಚಿಯಲ್ಲಿ ಕೂರುವ ಮೊದಲೇ ಮಗಳ ಜಡೆ ಎತ್ತಿ ಹಿಡಿದರು. "ನೋಡ್ರಿ ಡಾಕ್ಟರಮ್ಮ, ಎಷ್ಟ್ ತಿಕ್ಕಿದ್ರೂ ಹೋಗವಲ್ದು. ಜಳಕಾನ ನೆಟ್ಟಗ ಮಾಡಂಗಿಲ್ರೀ ಈಕಿ." ಹುಡುಗಿಗೆ ಹದಿನೇಳು. ತಗ್ಗಿಸಿದ ತಲೆ ಎತ್ತಲಿಲ್ಲ. ಕುತ್ತಿಗೆಯ ಹಿಂಭಾಗದ ಚರ್ಮ ಮಖಮಲ್ಲಿನ ಹಾಗೆ ದಪ್ಪಗಾಗಿ, ಕಪ್ಪಾಗಿ, ನಡುನಡುವೆ ಗೆರೆ ಬಿದ್ದಿತ್ತು. ಅದರ ಮೇಲೆ ಕಲ್ಲಿನಿಂದ ತಿಕ್ಕಿ ಎದ್ದ ಕೆಂಪು ಗೀರುಗಳು.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನಾಲ್ಕು ಸಲ ಒರೆಸಿ ತಾಯಿಯ ಕೈಗೇ ಕೊಟ್ಟೆ. ಬೆಳ್ಳಗೇ ಇತ್ತು. ಕೊಳೆಯಾಗಿದ್ದರೆ ಹತ್ತಿಗೆ ಹತ್ತಬೇಕಿತ್ತಲ್ಲ? ಈ ಒಂದು ಉಂಡೆ ಹತ್ತಿ ನನಗೆ ಎಷ್ಟೋ ಮಾತು ಉಳಿಸಿದೆ.

ಇದರ ಹೆಸರು ಅಕಾಂಥೋಸಿಸ್ ನೈಗ್ರಿಕಾನ್ಸ್. ಹೆಸರು ಮರೆತರೂ ಅಡ್ಡಿಯಿಲ್ಲ, ಕಾರಣ ನೆನಪಿರಲಿ. ಉಂಡ ಊಟದ ಸಕ್ಕರೆಯನ್ನು ರಕ್ತದಿಂದ ಸ್ನಾಯುಗಳಿಗೆ ಸೇರಿಸುವುದು ಇನ್ಸುಲಿನ್. ಹೊಟ್ಟೆಯ ಸುತ್ತ ಬೊಜ್ಜು ಕೂಡಿದಂತೆ ಸ್ನಾಯು, ಲಿವರ್ ಅದರ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಆಗ ಮೇದೋಜೀರಕ ಗ್ರಂಥಿ ಒಂದರ ಜಾಗದಲ್ಲಿ ಎರಡು ಪಾಲು ಇನ್ಸುಲಿನ್ ಸುರಿಯುತ್ತದೆ. ಹೆಚ್ಚಾದದ್ದು ಚರ್ಮದ ಕೋಶಗಳಿಗೂ "ಬೆಳೆಯಿರಿ" ಎಂದು ಹೇಳಿಬಿಡುತ್ತದೆ. ಅವು ಪದರ ಪದರವಾಗಿ ದಪ್ಪಗಾಗುತ್ತವೆ, ಕಣ್ಣಿಗೆ ಕಪ್ಪಾಗಿ ಕಾಣುತ್ತವೆ. ತಿಕ್ಕಿದಷ್ಟೂ ಇನ್ನಷ್ಟು ಕಪ್ಪಾಗುತ್ತವೆ.

ಬಿಸಿಲಿಗೆ ಕಪ್ಪಾಗಿದೆ ಎನ್ನುವವರೂ ಇದ್ದಾರೆ. ನಮ್ಮೂರಲ್ಲಿ ಏನಾದರೂ ಬಿಸಿಲಿನ ತಲೆಗೆ ಕಟ್ಟುವುದು ಸುಲಭ. ಆದರೆ ಬಿಸಿಲಿನ ಕಪ್ಪು ನುಣುಪಾಗಿರುತ್ತದೆ, ಬಟ್ಟೆಯ ಅಂಚಿಗೆ ನಿಲ್ಲುತ್ತದೆ. ಇದು ಬಿಸಿಲೇ ಕಾಣದ ಕಂಕುಳಲ್ಲೂ ಇರುತ್ತದೆ, ಬೆರಳಾಡಿಸಿದರೆ ಒರಟು. ಜೊತೆಗೆ ಕುತ್ತಿಗೆಯ ಸುತ್ತ ಎಳ್ಳಿನಷ್ಟು ಜೋಲುವ ಗಂಟುಗಳಿದ್ದರೆ ಅವೂ ಅದೇ ಮನೆಯವು. ಜನ ಅವನ್ನು ನರೂಲಿ ಎಂದು ಸುಣ್ಣ ಹಚ್ಚಿ ಸುಟ್ಟುಕೊಂಡು ಬರುತ್ತಾರೆ.

ತಾಯಿ ಬ್ಯಾಗಿನಿಂದ ಲ್ಯಾಬಿನ ಚೀಟಿ ತೆಗೆದರು. ಬರಿಹೊಟ್ಟೆಯ ಸಕ್ಕರೆ 92. "ನಾರ್ಮಲ್ ಅಂದಾರ್ರಿ." ಎಡವುವುದು ಇಲ್ಲಿಯೇ. 100ರ ಒಳಗೆ ನಾರ್ಮಲ್, 100ರಿಂದ 125 ಸಕ್ಕರೆ ಕಾಯಿಲೆಯ ಹೊಸ್ತಿಲು, 126 ಮುಟ್ಟಿದರೆ ಕಾಯಿಲೆ, ಅಂಕಿ ಸರಿಯೇ. ಆದರೆ ಆ 92ನ್ನು ಹಿಡಿದಿಡಲು ಒಳಗೆ ಎಷ್ಟು ಇನ್ಸುಲಿನ್ ಖರ್ಚಾಗುತ್ತಿದೆ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಗ್ರಂಥಿ ಸೋತ ಮೇಲೆ ಸಕ್ಕರೆ ಏರುತ್ತದೆ. ಅದಕ್ಕೆ ವರ್ಷಗಳೇ ಹಿಡಿಯಬಹುದು. ಕುತ್ತಿಗೆ ಅದಕ್ಕೂ ಮೊದಲೇ ಹೇಳುತ್ತದೆ. ಹಾಗಾಗಿ ನನ್ನ ಟೇಬಲ್ ಮೇಲೆ ದರ್ಜಿಯ ಟೇಪು ಇದೆ. ದೊಡ್ಡವರಲ್ಲಿ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರಿಗೆ 90 ಮೀರಬಾರದು. ಈ ಹುಡುಗಿಯದು 91. ಮುಟ್ಟು ಎರಡು ತಿಂಗಳಿಗೊಮ್ಮೆ ಎಂದು ಕೇಳಿದ ಮೇಲೆ ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಿನ ಪರೀಕ್ಷೆಗೂ ಬರೆದೆ.

ಏನು ತಿನ್ನುತ್ತೀ ಎಂದೆ. ಬೆಳಿಗ್ಗೆ ಮಂಡಾಳ ಒಗ್ಗರಣಿ, ಮಿರ್ಚಿ. ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಚಹಾ ಐದು ಸಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿ ಭತ್ತದ ಸೀಮೆಯಾದವು. ಒಂದು ಕಾಲಕ್ಕೆ ಹಬ್ಬದ ದಿನ ಬೇಯುತ್ತಿದ್ದ ಅನ್ನ ಈಗ ಮೂರು ಹೊತ್ತು, ಮಂಡಾಳವೂ ಅಕ್ಕಿಯೇ. ಜೋಳದ ರೊಟ್ಟಿ ತಿಂದರೆ ಸಕ್ಕರೆ ಬರುವುದಿಲ್ಲ ಎಂದು ನಾನು ಹೇಳಲಾರೆ, ಅದೂ ಪಿಷ್ಟವೇ. ಆದರೆ ರೊಟ್ಟಿಯ ಜೊತೆ ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ ಬರುತ್ತವೆ. ಅಗಿದು ತಿನ್ನಬೇಕು, ಎರಡಕ್ಕೆ ಹೊಟ್ಟೆ ತುಂಬುತ್ತದೆ. ಪಲ್ಯ, ಕಾಳು ಮೊದಲು, ಅನ್ನ ಕೊನೆಗೆ ಒಂದು ಸೌಟು. ಐದು ಚಹಾಕ್ಕೆ ಎರಡೆರಡು ಚಮಚೆಯಂತೆ ಹತ್ತು ಚಮಚೆ, ಅಂದರೆ 40ರಿಂದ 50 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ನಡಿಗೆ ಅಂದರೆ ಎಲ್ಲರೂ ಬಿಸಿಲು ತೋರಿಸುತ್ತಾರೆ. ರಾತ್ರಿ ಉಂಡ ಮೇಲೆ ಮಾಳಿಗೆ ಮೇಲೆ ಹದಿನೈದು ನಿಮಿಷ ಸಾಕು, ಶುರುವಿಗೆ. ದುಡಿಯುವ ಸ್ನಾಯು ಇನ್ಸುಲಿನ್ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಹೊಸ್ತಿಲಲ್ಲಿದ್ದವರಿಗೆ 7% ತೂಕ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟಿದ್ದರು. ಕಾಯಿಲೆಗೆ ತಿರುಗುವುದು 58% ತಗ್ಗಿತು. ಜೊತೆಗೆ ಹೋಲಿಸಿದ ಮಾತ್ರೆ ತಗ್ಗಿಸಿದ್ದು 31%.

ಇನ್ನು ಕ್ರೀಮು. ಹುಡುಗಿ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ಮೂರು ಟ್ಯೂಬು ಮುಗಿಸಿದ್ದಳು. ಅದರಲ್ಲಿದ್ದದ್ದು ಸ್ಟಿರಾಯ್ಡ್. ಮುಖಕ್ಕೂ ಹಚ್ಚಿ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ನರ ಕಾಣತೊಡಗಿತ್ತು. ಅದನ್ನು ಹಂತಹಂತವಾಗಿ ಬಿಡಿಸಬೇಕು. ಕುತ್ತಿಗೆಗೆ ನಾನು ಕೊಟ್ಟದ್ದು ಯೂರಿಯಾ ಇರುವ ಮೆತ್ತನೆಯ ಕ್ರೀಮು, ಅದರಿಂದ ಒರಟು ಕೊಂಚ ಇಳಿಯುತ್ತದೆ, ಅಷ್ಟೇ. ವಯಸ್ಸಾದವರಲ್ಲಿ, ತೆಳ್ಳಗಿರುವವರಲ್ಲಿ ಈ ಕಪ್ಪು ದಿಢೀರನೆ ಹರಡಿ, ಅಂಗೈಗೂ ಬಂದು, ತೂಕ ಇಳಿಯುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಅಪರೂಪಕ್ಕೆ ಅದು ಹೊಟ್ಟೆಯ ಕ್ಯಾನ್ಸರಿನ ಗುರುತೂ ಆಗಿರುತ್ತದೆ.

ಚೀಟಿ ಬರೆಯುವಾಗ ತಾಯಿಯ ಸೆರಗು ಸರಿದಿತ್ತು. ಅದೇ ಕಪ್ಪು, ಅವೇ ಗಂಟುಗಳು. ಅವರಿಗೂ ರಕ್ತ ಪರೀಕ್ಷೆ ಬರೆದೆ. "ನನಗ್ಯಾಕ್ರಿ?" ಎಂದರು.

ನಾಲ್ಕು ತಿಂಗಳ ಮೇಲೆ ಇಬ್ಬರೂ ಬಂದರು. ಮಗಳ ತೂಕ ಐದು ಕಿಲೋ ಇಳಿದಿತ್ತು, ಕುತ್ತಿಗೆ ಇನ್ನೂ ಕಪ್ಪೇ, ಆದರೆ ಬೆರಳಿಗೆ ಮೆತ್ತಗೆ. ತಾಯಿಯ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಲೆಕ್ಕ) 7.4 ಬಂದು ಮಾತ್ರೆ ಶುರುವಾಗಿತ್ತು. ತಿಕ್ಕೋ ಕಲ್ಲು ಬಿಸಾಕಿದಿರಾ ಎಂದು ಕೇಳಿದೆ.

"ಬಿಸಾಕೋದ್ಯಾಕ್ರಿ, ನನ್ನ ಹಿಂಬಡಕ್ಕ ಇಟ್ಕೊಂಡೀನಿ."

ಚಪ್ಪಲಿ ಬಿಚ್ಚಿ ಕಾಲು ಮೇಲಿಡಿ ಎಂದೆ.