ಕನ್ನಂಬಾಡಿಗೆ ಮೊದಲು ಮಂಡ್ಯದಲ್ಲಿ ಗದ್ದೆಗಳೇ ಇರಲಿಲ್ಲವೇ?

ಪ್ರಶ್ನೆ: ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಯನ್ನು (ಕೃಷ್ಣರಾಜಸಾಗರ) ಕಟ್ಟುವವರೆಗೆ ಮಂಡ್ಯ ಜಿಲ್ಲೆ ಪೂರ್ತಿ ಬರಡು ನೆಲವಾಗಿತ್ತೆಂಬುದು ನಿಜವೇ?

ಕಟ್ಟೆಯ ನೀರಿನ ಮಟ್ಟ ನೂರು ಅಡಿ ದಾಟಿದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ಉತ್ತರ ಪ್ರತಿ ಸಲವೂ ಒಂದೇ: ನಿಜವಲ್ಲ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುವುದಕ್ಕೆ ನನ್ನ ತಕರಾರಿಲ್ಲ; ಆದರೆ ಆ ಹಾರದ ಜೊತೆಗೆ ಹಿಂದಿನ ಸಾವಿರ ವರ್ಷಗಳ ಕೆರೆ, ಕಟ್ಟೆ, ನಾಲೆಗಳನ್ನು ಅಳಿಸಿಹಾಕುವುದು ಸರಿಯಲ್ಲ.

ಶ್ರೀರಂಗಪಟ್ಟಣದ ಸುತ್ತ ಹರಿಯುವ ಬಂಗಾರದೊಡ್ಡಿ ನಾಲೆಯನ್ನು ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ತೆಗೆದರು. ಅದರ ನೀರು ಸೇತುವೆಯಂತೆ ಕಟ್ಟಿದ ಮೇಲ್ಗಾಲುವೆಯ ಮೂಲಕ ಕಾವೇರಿಯನ್ನೇ ದಾಟಿ ದ್ವೀಪವನ್ನು ಸೇರುತ್ತದೆ. ಚಿಕ್ಕದೇವರಾಜ ಸಾಗರ ನಾಲೆಯ ಹೆಸರೇ ಅದರ ಕಾಲವನ್ನು ಹೇಳುತ್ತದೆ: ಆ ಅರಸ ಆಳಿದ್ದು 1673ರಿಂದ 1704ರವರೆಗೆ. ವಿರಿಜಾ ನಾಲೆಯೂ ಕನ್ನಂಬಾಡಿಗಿಂತ ಬಹಳ ಹಳೆಯದು. ಪಾಂಡವಪುರದ ಬಳಿ ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ತೊಣ್ಣೂರು ಕೆರೆಯನ್ನು ಜನ ಇಂದಿಗೂ ರಾಮಾನುಜಾಚಾರ್ಯರ ಕಾಲಕ್ಕೆ ಒಯ್ಯುತ್ತಾರೆ. ಇವೆಲ್ಲ ಕಣ್ಣೆದುರಿಗಿರುವಾಗಲೂ ‘ಮೊದಲು ಏನೂ ಇರಲಿಲ್ಲ’ ಎಂಬ ಮಾತು ಹೇಗೆ ಉಳಿದುಕೊಂಡಿತು?

ಅದರಲ್ಲಿ ಅರ್ಧ ಸತ್ಯವಿರುವುದರಿಂದ. ಹಳೆಯ ನಾಲೆಗಳು ನದಿಗೆ ಅಡ್ಡಲಾಗಿ ಹಾಕಿದ ತಗ್ಗು ಕಟ್ಟೆಗಳಿಂದ ನೀರನ್ನು ತಿರುಗಿಸಿಕೊಂಡು ದಡದ ಆಸುಪಾಸಿನ ಗದ್ದೆಗಳಿಗಷ್ಟೇ ಉಣಿಸಬಲ್ಲವಾಗಿದ್ದವು. ಆ ಕಟ್ಟೆಗಳಲ್ಲಿ ನೀರನ್ನು ಕೂಡಿಡುವ ಶಕ್ತಿ ಇರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಎತ್ತರದ ಹೊಲಗಳು ಮಳೆಯನ್ನೂ ಕೆರೆಗಳನ್ನೂ ನಂಬಿದ ರಾಗಿಯ ಸೀಮೆಯಾಗಿಯೇ ಉಳಿದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ನೀರನ್ನು ಕೂಡಿಟ್ಟಿತು, ಮೇಲಕ್ಕೂ ಎತ್ತಿತು. ಹುಲಿಕೆರೆಯ ಬಳಿ ಗುಡ್ಡ ಕೊರೆದು ಮಾಡಿದ ಸುರಂಗ ಆ ನೀರನ್ನು ಆಚೆಯ ಹೊಲಗಳಿಗೆ ದಾಟಿಸಿತು. ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಆ ಕಾಲುವೆಗೆ ಮೊದಲಿಗೆ ಇದ್ದದ್ದು ವೈಸರಾಯ್ ಇರ್ವಿನ್‌ನ ಹೆಸರು. ಅದರ ಕೆಲಸ ನಡೆದದ್ದು ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. 1933ರ ಸಕ್ಕರೆ ಕಂಪನಿಯಾಗಲಿ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಮಂಡ್ಯ ಜಿಲ್ಲೆಯಾಗಲಿ ಈ ನಾಲೆಯ ನೀರು ಹರಿದ ಮೇಲಿನ ಮಾತು.

ಕೆರೆಗಳ ವಿಷಯಕ್ಕೆ ಬಂದರೆ, ಯಾರೂ ಕೇಳದ ಒಂದು ನಾಯಿಯ ಕಥೆಯನ್ನು ಹೇಳಲೇಬೇಕು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ವಿರುದ್ಧ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ, ಏನು ಬೇಕೆಂದು ಕೇಳಿದ ಗಂಗರ ಅರಸ ಬೂತುಗನಿಂದ ಊರನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಳಿಯೂ ಒಂದು ಕಾಡುಹಂದಿಯೂ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಡಿಸಿ, ಅದಕ್ಕೆ ಬಿಟ್ಟುಕೊಟ್ಟದ್ದು ಹಿರಿಯ ಕೆರೆಯ ಕೆಳಗಿನ ಎರಡು ಖಂಡುಗ (ಹಳೆಯ ಅಳತೆ) ಮಣ್ಣು, ಅಂದರೆ ಭೂಮಿ. ಅಂದರೆ ಕನ್ನಂಬಾಡಿಗೆ ಹತ್ತಿರ ಹತ್ತಿರ ಸಾವಿರ ವರ್ಷ ಮುಂಚೆಯೇ ಈ ಸೀಮೆಯಲ್ಲಿ ‘ಹಿರಿಯ’ ಎನಿಸಿಕೊಂಡ ಕೆರೆ ಇತ್ತು, ಅದರ ಕೆಳಗೆ ದಾನ ಕೊಡುವಷ್ಟು ಬೆಲೆಯ ಭೂಮಿಯೂ ಇತ್ತು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಟ್ಟುತ್ತದೆಂದೂ ಶಾಸನ ಎಚ್ಚರಿಸುತ್ತದೆ.